ಮೋರಿಯರು ಯಾರು?

ಹಂಪೆಯ ಬಜಾರನ್ನು ನೀವು ನೋಡಿರುವಿರಷ್ಟೆ. ವಿರೂಪಾಕ್ಷನ ಗೋಪುರಕ್ಕೆ ಬೆನ್ನು ಮಾಡಿ ಮೂಡಲಿಗೆ ನಡೆದರೆ ಬೀದಿಯ ತುದಿಯಲ್ಲಿ ಎದುರು ಬಸವಣ್ಣ, ಬಲಕ್ಕೆ ಮತಂಗ ಪರ್ವತ. ಈ ಬೀದಿಯಲ್ಲಿ ನಿಂತು, ವಿಜಯನಗರದ ಅರಸರಿಗಿಂತ ಮೊದಲು ಇಲ್ಲಿ ಯಾರಿದ್ದರೆಂದು ಯಾರನ್ನಾದರೂ ಕೇಳಿ. "ವಾನರರು" ಎಂಬ ಉತ್ತರ ಒಡನೆಯೇ ಬರುತ್ತದೆ. ಹೊಳೆಯಾಚೆಯ ಅಂಜನಾದ್ರಿಯ ಕಡೆಗೆ ಕೈಯೂ ಏಳುತ್ತದೆ. ನಿಂಬಾಪುರದ ಹತ್ತಿರ ಬೂದಿಯ ದಿಬ್ಬವೊಂದಿದೆ. ಅದು ವಾಲಿಯನ್ನು ಸುಟ್ಟ ಚಿತೆಯ ಬೂದಿ ಎನ್ನುತ್ತಾರೆ. ಬಳ್ಳಾರಿಯ ದಾರಿಯಲ್ಲಿ ಕುಡತಿನಿಯ ಬೂದಿಗುಡ್ಡವನ್ನು ಕೇಳಿದರೆ ಅದು ರಾಕ್ಷಸನ ಬೂದಿ. ಹೊಳೆ ದಾಟಿ ಗಂಗಾವತಿಯ ಸೀಮೆಗೆ ಹೋದಿರೋ, ಅಲ್ಲಿ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಮೋರಿಯರ ಮನೆಗಳು. ಮೋರಿಯರು ಮೂರಡಿಯ ಕುಳ್ಳರು, ಆದರೆ ಮಹಾ ಬಲಶಾಲಿಗಳು. ಬೆಂಕಿಯ ಮಳೆ ಸುರಿದು ಅವರ ಕುಲವೆಲ್ಲ ಅಳಿಯಿತು ಎಂಬುದು ಕಥೆ.

ಕೋತಿ, ದೈತ್ಯ, ಕುಬ್ಜ. ನೋಡಿದಿರಾ, ನಮಗಿಂತ ಮೊದಲು ಇದ್ದವರು ನಮ್ಮಂಥ ಮನುಷ್ಯರೇ ಎಂದು ಹೇಳಲು ಯಾರಿಗೂ ಬಾಯಿ ಬಾರದು! ಈಗ ನಮ್ಮ ಹೈಸ್ಕೂಲಿನ ಹುಡುಗರು ನಾಲ್ಕನೆಯ ಉತ್ತರವನ್ನೂ ಕಲಿತಿದ್ದಾರೆ. "ಅವರು ಬೇರೆ ಗ್ರಹದಿಂದ ಬಂದವರಂತೆ ಸಾರ್, ನಾವು ಅವರ ಸಂತತಿಯಂತೆ" ಎನ್ನುತ್ತಾರೆ. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಎಂಬವನು ಇಂಥದೊಂದು ಪುಸ್ತಕ ಬರೆದು ಲೋಕವೆಲ್ಲ ಹೆಸರಾದ. ಹುಡುಗರನ್ನು ನಾನು ಗದರಿಸುವುದಿಲ್ಲ. ಆಕಾಶದಲ್ಲಿ ಸಂಚರಿಸುವ ಪೂರ್ವಿಕರು ನಮ್ಮ ಕಾವ್ಯಗಳಿಗೆ ಹೊಸಬರೇನಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣವನ್ನು ತೆರೆಯಿರಿ. ಅಲ್ಲಿ ಕಿಷ್ಕಿಂಧೆಯ ವಾನರರು ಕೋತಿಗಳಲ್ಲ, ವಾನರಧ್ವಜವುಳ್ಳ ವಿದ್ಯಾಧರರು. ಗಗನಗಾಮಿಗಳು, ರೂಪದಲ್ಲಿ ಮಾತ್ರ ನಮ್ಮಂತೆಯೇ ಮನುಷ್ಯರು. ಎಂಟುನೂರು ವರ್ಷಗಳಿಗೂ ಹಿಂದೆ ಜೈನಕವಿಯೊಬ್ಬ ಬಾಲವನ್ನು ಬಾವುಟದ ಮೇಲಿನ ಚಿಹ್ನೆಯಾಗಿ ಮಾಡಿಬಿಟ್ಟ. ಇದು ಸಣ್ಣ ಬುದ್ಧಿವಂತಿಕೆಯಲ್ಲ.

ಬೂದಿಯ ಮಾತಿಗೆ ಬರೋಣ. ಈ ದಿಬ್ಬಗಳು ಜ್ವಾಲಾಮುಖಿಯಿಂದ ಆದವೋ, ಸಾಮೂಹಿಕ ಚಿತೆಗಳಿಂದ ಆದವೋ ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಬಹುಕಾಲ ಚರ್ಚಿಸಿದರು. ಕೊನೆಗೆ ಗೊತ್ತಾದ ಸಂಗತಿ ನಮ್ಮ ಹಳ್ಳಿಯ ಹೆಂಗಸರಿಗೆ ಮೊದಲೇ ಹೊಳೆಯಬಹುದಾಗಿತ್ತು: ಅದು ಸಗಣಿ. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು, ಈಗ ತೆಲಂಗಾಣಕ್ಕೆ ಸೇರಿರುವ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳು ಸಿಕ್ಕವು. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಕೊಟ್ಟಿದ್ದರು. ಕೆಲವೆಡೆ ಆ ಉರಿಯ ತಾಪಕ್ಕೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ವಾಲಿಯೂ ಇಲ್ಲ, ರಾಕ್ಷಸನೂ ಇಲ್ಲ. ದನ ಕಟ್ಟಿ ಬದುಕಿದ ಜನ.

ಹಿರೇಬೆಣಕಲ್ಲು ಇದಕ್ಕಿಂತ ದೊಡ್ಡ ಬೆರಗು. ಗುಡ್ಡ ಹತ್ತಿ ಮೇಲೆ ನಿಂತರೆ ಒಂದು ಊರೇ ಕಾಣುತ್ತದೆ, ಆದರೆ ಜನವಿಲ್ಲದ ಊರು. ಸುಮಾರು 400 ಶಿಲಾನಿರ್ಮಿತಿಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ನಾಲ್ಕು ಕಡೆ ಕಲ್ಲುಚಪ್ಪಡಿ, ಮೇಲೊಂದು ಚಪ್ಪಡಿಯ ಮುಚ್ಚಳ. ಎಷ್ಟೋ ಮನೆಗಳ ಒಂದು ಗೋಡೆಯಲ್ಲಿ ದುಂಡನೆಯ ಕಂಡಿ. ಈ ಕಂಡಿಯೇ ಕುಳ್ಳರ ಕಥೆಗೆ ತಾಯಿ. ಇಷ್ಟು ಸಣ್ಣ ಬಾಗಿಲಲ್ಲಿ ತೂರುವವನು ಕುಳ್ಳನಿರಬೇಕು. ಇಷ್ಟು ದೊಡ್ಡ ಚಪ್ಪಡಿಯನ್ನು ಎತ್ತಿದವನು ಬಲಶಾಲಿ ಇರಬೇಕು. ತರ್ಕ ಸರಿಯಾಗಿಯೇ ಇದೆ. ಮನೆ ಎಂದುಕೊಂಡದ್ದರಲ್ಲಿ ಮಾತ್ರ ತಪ್ಪು. ಇವು ಸತ್ತವರಿಗಾಗಿ ಕಟ್ಟಿದ ಗೋರಿಗಳು, ನೆನಪಿನ ಗುಡಿಗಳು. ಕಬ್ಬಿಣ ಬಲ್ಲ ಜನ, ಕ್ರಿ.ಪೂ. 800ರಿಂದ 200ರವರೆಗಿನ ಕಾಲದಲ್ಲಿ, ಬಿಸಿಲು ಮಳೆಗೆ ಪದರ ಬಿಡುವ ನಮ್ಮ ಗ್ರಾನೈಟಿನಿಂದ ಚಪ್ಪಡಿಗಳನ್ನು ತೆಗೆದು ಕಟ್ಟಿದರು.

ಹೆಸರಿನ ವಿಷಯವಾಗಿ ಪಂಡಿತನೊಂದು ಮಾತು. "ಮೋರಿಯ" ಎಂಬುದು "ಮೌರ್ಯ" ಶಬ್ದದ ಪ್ರಾಕೃತ ರೂಪ. ಅಶೋಕನ ಶಾಸನಗಳು ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇವೆ; ಹಿರೇಬೆಣಕಲ್ಲಿಗೆ ದೂರವೇನಲ್ಲ. ಮೌರ್ಯರೇ ಇವನ್ನು ಕಟ್ಟಿಸಿದರೇನು ಎಂದು ಕೇಳುವವರಿದ್ದಾರೆ. ಅಶೋಕ ಬಂದದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಮೊದಲ ಗೋರಿಗಳು ಅವನಿಗಿಂತ ಐದುನೂರು ವರ್ಷ ಹಿರಿಯವು. ಯಾರೋ ಕೇಳಿದ್ದ ದೊಡ್ಡ ಹೆಸರೊಂದು ಹಳೆಯ ಕಲ್ಲುಗಳಿಗೆ ಆಮೇಲೆ ಅಂಟಿಕೊಂಡಿರಬಹುದು. ಬಿಜ್ಜೋಡು ಕಂಡಲ್ಲೆಲ್ಲ ಭೀಮನ ಹೆಸರು ಹೇಳುವುದಿಲ್ಲವೆ, ಹಾಗೆ.

ಹಾಗಾದರೆ ನಮ್ಮದಲ್ಲದ ಮನುಷ್ಯಜಾತಿ ಈ ನೆಲದಲ್ಲಿ ಎಂದೂ ಇರಲೇ ಇಲ್ಲವೆ? ಇತ್ತು. ಯಾದಗಿರಿ ಜಿಲ್ಲೆಯ ಹುಣಸಗಿಯ ಹತ್ತಿರ ಇಸಾಂಪುರವೆಂಬ ಊರಿದೆ. ಪ್ರೊಫೆಸರ್ ಕೆ. ಪದ್ದಯ್ಯನವರು ಅಲ್ಲಿ ಅಗೆದು, ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಒಂದು ಕಾರ್ಖಾನೆಯನ್ನೇ ಕಂಡರು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳಿಂದ ಅಳೆದ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಮನುಷ್ಯಜಾತಿಗೆ ಮೂರು ಲಕ್ಷ ವರ್ಷ ವಯಸ್ಸು ಎಂದರೆ ಹೆಚ್ಚು. ಆದ್ದರಿಂದ ಇಸಾಂಪುರದಲ್ಲಿ ಕಲ್ಲು ಕೆತ್ತಿದ ಕೈ ನಮ್ಮಂತಿದ್ದೂ ನಮ್ಮದಲ್ಲ. 1982ರಲ್ಲಿ ಅರುಣ್ ಸೋನಾಕಿಯಾ ಅವರಿಗೆ ನರ್ಮದೆಯ ದಂಡೆಯ ಹತನೋರಾದಲ್ಲಿ ಅಂಥ ಹಳೆಯ ಮನುಷ್ಯನೊಬ್ಬನ ತಲೆಬುರುಡೆ ಸಿಕ್ಕಿತು. ಇನ್ನು ಮೂರಡಿಯ ಕುಳ್ಳರೇ ಬೇಕೆಂದರೆ, 2003ರಲ್ಲಿ ಇಂಡೋನೇಷ್ಯದ ಫ್ಲೋರೆಸ್ ದ್ವೀಪದ ಗವಿಯಲ್ಲಿ ಅವರ ಎಲುಬುಗಳೂ ದೊರೆತಿವೆ. ಅವರು ಕಲ್ಲಿನ ಮನೆ ಕಟ್ಟಿದವರಲ್ಲ, ಅಷ್ಟೆ.

ಅಳಿದ ಆ ಬಳಗ ಪೂರ್ತಿಯಾಗಿಯೂ ಅಳಿದಿಲ್ಲ. ಯುರೋಪು ಮತ್ತು ಪಶ್ಚಿಮ ಏಷ್ಯಾಗಳಲ್ಲಿದ್ದ ನಿಯಾಂಡರ್ತಾಲ್ ಜನರ ಎಲುಬಿನಿಂದ ವಂಶವಾಹಿಯನ್ನು ತೆಗೆದು ಓದಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಹುಮಾನ ಬಂತು. ಆಫ್ರಿಕದ ಹೊರಗಿನ ಎಲ್ಲ ಜನರ ಮೈಯಲ್ಲಿಯೂ ನೂರಕ್ಕೆ ಒಂದೆರಡು ಪಾಲು ಅವರ ಬಳುವಳಿ ಇದೆ. ನನ್ನಲ್ಲಿಯೂ ಉಂಟು, ಓದುತ್ತಿರುವ ನಿಮ್ಮಲ್ಲಿಯೂ ಉಂಟು.

ಆದರೆ ಹಿರೇಬೆಣಕಲ್ಲಿನವರು ಬೇರೆ ಜಾತಿಯವರಲ್ಲ, ನಮ್ಮವರೇ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗೋರಿ ಪರಕೀಯರದು ಎಂದಾದರೆ ಹಾರೆ ಹಾಕುವ ಕೈ ಹಿಂಜರಿಯುವುದಿಲ್ಲ. ನಿಧಿಯ ಆಸೆಯಿಂದ ಅಲ್ಲಿ ಎಷ್ಟೋ ಚಪ್ಪಡಿಗಳನ್ನು ಉರುಳಿಸಿದ್ದಾರೆ. ಅಜ್ಜನ ಸಮಾಧಿಯನ್ನು ಹೀಗೆ ಅಗೆಯುವವರುಂಟೆ? 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಕಾವಲು ಕಾಯಲು ಬರುವುದಿಲ್ಲ. ಸುತ್ತಲಿನ ಊರುಗಳ ಜನರಿಗೆ ಬರುತ್ತದೆ.

ಹಂಪೆಗೆ ಬಂದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಹತ್ತುವುದು ಲೇಸು. ನೀರು, ಬುತ್ತಿ ಕಟ್ಟಿಕೊಂಡು ಹೋಗಿ, ಮೇಲೆ ಅಂಗಡಿಯಿಲ್ಲ. ದಾರಿಯ ಬಂಡೆಗಳ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆಗಳು, ಕುಣಿಯುವ ಜನ. ಗುಡ್ಡದ ಮೇಲೊಂದು ಬಂಡೆಯ ನೆತ್ತಿಯಲ್ಲಿ ನಗಾರಿಯ ಆಕಾರದ ಕಲ್ಲು ಕುಳಿತಿದೆ. ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ದನಿ ದೂರದವರೆಗೆ ಕೇಳಿಸುತ್ತದೆ.