ನಾಲೆಯ ಸೀಮೆಯಲ್ಲಿ ತಾಯಿಯ ಊಟ



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಜನರಾದ ತಮಗೆ ಅನ್ನದ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಕೃಷ್ಣರಾಜಸಾಗರದ ನೀರು ಹರಿದುಬಂದ ಮೇಲೆ ಇದು ಬತ್ತ ಕಬ್ಬುಗಳ ಸೀಮೆಯಾಯಿತು. ಹಾಗಿದ್ದೂ ಕಣಜ ತುಂಬಿದ ಮನೆಯಲ್ಲಿ ಬಸುರಿ ಸೊಸೆಯ ಮುಖ ಬಿಳಿಚಿಕೊಂಡಿರುವುದೇಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ನೂರು ಸ್ತ್ರೀಯರಲ್ಲಿ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಇಂಥವರ ಪ್ರಾಣಕ್ಕೇ ಅಪಾಯ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಕಾಲಿಟ್ಟದ್ದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರದಲ್ಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಗರ್ಭಿಣಿಗೂ, ಹೆರಿಗೆಯ ನಂತರ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯ ಉಚಿತ ಆಹಾರವನ್ನು ಹಕ್ಕನ್ನಾಗಿ ಮಾಡಿತು. 2017ರಲ್ಲಿ ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ ಮಧ್ಯಾಹ್ನದ ಬಿಸಿಯೂಟವನ್ನು ತಂದಿತು.

“ಹೊಟ್ಟೆ ಹೊತ್ತವಳು ಬೀದಿಯಲ್ಲಿ ನಡೆದು ಹೋಗಿ ಪರರ ಅಡುಗೆ ಉಣ್ಣುವುದೇ?” ಎಂದು ಹಿರಿಯರು ಕೇಳುವುದುಂಟು. ಅತ್ತೆಯವರೇ, ಅದು ಭಿಕ್ಷೆಯಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದುದನ್ನು ಉಣ್ಣುವ ಸೊಸೆಗೆ ಅಲ್ಲಿ ಪೂರ್ತಿ ಊಟವೊಂದು ದೊರೆಯುತ್ತದೆ. ಗದ್ದೆಯ ಕೆಲಸ ಒಂದು ಗಳಿಗೆ ಕಾಯಬಲ್ಲದು. ಮನೆಯ ಪಂಕ್ತಿಯಲ್ಲಿಯೂ ಅವಳನ್ನು ಮೊದಲು ಕೂರಿಸುವ ಅಧಿಕಾರ ತಮ್ಮದೇ ಅಲ್ಲವೇ?

ಇನ್ನು ರಾಗಿಯ ಮಾತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಮುದ್ದೆಯನ್ನು ಬಡವರ ಊಟವೆಂದು ದೂರ ಮಾಡಿದ್ದು ನಮ್ಮ ತಪ್ಪು ಎಂದೇ ನನ್ನ ಎಣಿಕೆ. ಮುದ್ದೆ, ಸೊಪ್ಪಿನ ಉಪ್ಪುಸಾರು, ಹುರುಳಿಕಾಳು: ಇವಿಷ್ಟಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. (ಮದ್ದೂರು ವಡೆಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ!)

ಆದರೆ ರಕ್ತ ಕಡಿಮೆಯಿರುವ ಗರ್ಭಿಣಿಗೆ ಊಟವೊಂದೇ ಸಾಲದು. ಆರೋಗ್ಯ ಸಹಾಯಕಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹ, ಹಾಲುಗಳೊಡನೆ ನುಂಗಬಾರದು. ನಿಂಬೆಯ ಪಾನಕ ಒಳ್ಳೆಯದು. ವಾಕರಿಕೆಯಿದ್ದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಮಲ ಕಪ್ಪಾದರೆ ಹೆದರಿ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯಬೇಡಿರಿ, ಅದು ಮಾತ್ರೆಯ ಬಣ್ಣವೇ ಹೊರತು ರೋಗವಲ್ಲ.