ಸೀಗೆಬಳ್ಳಿಗೆ ಕತ್ತಿ ಹಾಕುವ ಮುನ್ನ

(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಇಂದು ನಾನು ಕಾಫಿಯ ವಿಷಯವನ್ನಾಗಲಿ ಮೆಣಸಿನ ವಿಷಯವನ್ನಾಗಲಿ ಎತ್ತುವುದಿಲ್ಲ. ದೀಪಾವಳಿಯ ಅಭ್ಯಂಜನಕ್ಕೆ ನಿಮ್ಮ ಮನೆಯಲ್ಲಿ ಪುಡಿ ಮಾಡಿಡುತ್ತಾರಲ್ಲ, ಆ ಸೀಗೆಯ ವಿಷಯ ಹೇಳಬೇಕೆಂದಿದ್ದೇನೆ. ಸೀಗೆಯನ್ನು ಯಾರಾದರೂ ಬೆಳೆಯುತ್ತಾರೆಯೇ, ಅದು ತಾನಾಗಿ ಬರುವ ಬಳ್ಳಿಯಲ್ಲವೇ ಎಂದು ನೀವು ನಗಬಹುದು. ತಾನಾಗಿ ಬರುತ್ತದೆಂಬ ಈ ನಂಬಿಕೆಯೇ ಅದಕ್ಕೆ ಕುತ್ತಾಗಿದೆ.

ಪೇಟೆಯ ಜನ ಈಗ ಬಾಟಲಿಯ ಶಾಂಪೂವನ್ನು ಬಿಟ್ಟು ಮತ್ತೆ ಸೀಗೆ, ಅಂಟುವಾಳ, ನೆಲ್ಲಿಯ ಕಡೆ ನೋಡುತ್ತಿದ್ದಾರೆ. ಸೌಂದರ್ಯ ಸಾಮಗ್ರಿ ಮಾಡುವ ಕಂಪನಿಗಳು ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಅಚ್ಚು ಹಾಕಿ, ಇದು ಪ್ರಕೃತಿಯ ಕೊಡುಗೆ ಎಂದು ಬರೆಯುತ್ತವೆ. ಒಳ್ಳೆಯದೇ. ಆದರೆ ಒಳಗಿರುವ ಕಾಯಿ ಯಾವ ಊರಿನ ಬೇಲಿಯದು, ಅದನ್ನು ಕೊಟ್ಟ ಬಳ್ಳಿ ಇನ್ನೂ ಜೀವದಿಂದ ಇದೆಯೇ ಎಂಬುದನ್ನು ಪೊಟ್ಟಣ ಹೇಳುವುದಿಲ್ಲ. ಅದನ್ನು ಬಲ್ಲವರು ನೀವು.

ಸೀಗೆ ಮುಳ್ಳಿನ ಬಳ್ಳಿ. ಮರದ ನೆತ್ತಿಯವರೆಗೆ ಹಬ್ಬುತ್ತದೆ. ಕಾಯಿ ಮಾಗುವುದು ಚಳಿ ಕಳೆದು ಬಿಸಿಲೇರುವ ದಿನಗಳಲ್ಲಿ. ಆ ಮುಳ್ಳಿನಲ್ಲಿ ಕೈ ಹಾಕಿ ಬಿಡಿಸುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಅದಕ್ಕೆ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಬುಡಕ್ಕೆ ಕತ್ತಿ ಹಾಕಿ, ಬಳ್ಳಿಯನ್ನೇ ಕೆಳಗೆ ಎಳೆದು, ನೆಲದ ಮೇಲೆ ಕಾಯಿ ಬಡಿಯುತ್ತಾರೆ. ಒಂದು ದಿನದ ಕೂಲಿ ಉಳಿಯಿತು, ಹಲವು ವರ್ಷದ ಬಳ್ಳಿ ಹೋಯಿತು. ಬೇರೆಯವರು ಕೊಯ್ಯುವ ಮೊದಲೇ ನಾನು ಕೊಯ್ಯಬೇಕೆಂದು ಎಳೆಯ ಕಾಯಿಯನ್ನು ಕೀಳುವವರೂ ಇದ್ದಾರೆ. ಎಳೆಗಾಯಿ ಒಣಗಿದರೆ ಸುರುಟಿ ಕಪ್ಪಾಗುತ್ತದೆ, ತೂಕ ಬರುವುದಿಲ್ಲ, ವ್ಯಾಪಾರಿ ಅರ್ಧ ಬೆಲೆ ಕೇಳುತ್ತಾನೆ. ಅದರೊಳಗಿನ ಬೀಜವಂತೂ ಬಿತ್ತಲು ಬಾರದು.

ಹೀಗೇಕೆ ಆಗುತ್ತದೆ? ಜನ ಕೆಟ್ಟವರೆಂದಲ್ಲ. ಬಳ್ಳಿ ನನ್ನದೆಂಬ ಭರವಸೆ ಯಾರಿಗೂ ಇಲ್ಲ. ನನ್ನದಲ್ಲದ್ದನ್ನು ನಾಳೆಗೆ ಉಳಿಸುವವರು ಅಪರೂಪ. ಗಂಧದ ಮರದಲ್ಲಿ ನಮ್ಮ ನಾಡು ಇದನ್ನೇ ಕಂಡಿದೆ, ಆದ್ದರಿಂದ ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1792ರಲ್ಲಿ ಟಿಪ್ಪು ಸುಲ್ತಾನರ ಕಾಲದಲ್ಲಿ ಗಂಧವು ರಾಜವೃಕ್ಷವೆನಿಸಿತು. ಮುಂದೆ ಮೈಸೂರು ಅರಸರ ಆಡಳಿತದಲ್ಲಿಯೂ ಅದು ಸರ್ಕಾರದ ಸ್ವತ್ತಾಗಿಯೇ ಮುಂದುವರಿಯಿತು. 1914ರ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧ ಸಾಗಿಸುವುದು ನಿಂತು, ಮರ ರಾಶಿ ಬಿದ್ದಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ನಮ್ಮಲ್ಲಿಯೇ ಎಣ್ಣೆ ತೆಗೆಯಲು ಆರಂಭವಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಸೋಪಿನ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದು ಅದನ್ನು ರೂಪಿಸಿದರು. ಕಾರ್ಖಾನೆ ನಮ್ಮದು, ಹೆಸರು ನಮ್ಮದು. ಮರ ಮಾತ್ರ ರೈತನದಾಗಲಿಲ್ಲ. ತನ್ನ ಹೊಲದ ಬದುವಿನಲ್ಲಿ ಗಂಧದ ಸಸಿ ಎದ್ದರೆ ರೈತನಿಗೆ ಸಂತೋಷವಿರಲಿಲ್ಲ. ಕಳ್ಳ ಬಂದರೆ ವಿಚಾರಣೆ ತನ್ನ ಮನೆಗೆ ಬರುತ್ತದೆಂಬ ಭಯ. ಸಸಿಯಾಗಿದ್ದಾಗಲೇ ಕಿತ್ತು ಹಾಕಿದವರು ಎಷ್ಟೋ ಮಂದಿ. ಇದರ ಜೊತೆಗೆ ಕಳ್ಳತನ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗ; ಎಲ್ಲ ಸೇರಿ ಕಾಡಿನ ಗಂಧ ಕರಗಿತು. 1998ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಅದನ್ನು ಅಪಾಯದಲ್ಲಿರುವ ಮರಗಳ ಪಟ್ಟಿಗೆ ಸೇರಿಸಿತು. ಅತ್ತ ಆಸ್ಟ್ರೇಲಿಯಾದವರು ನಮ್ಮದೇ ಜಾತಿಯ ಗಂಧವನ್ನು ಕುನನೂರ ಎಂಬಲ್ಲಿ ತೋಟ ಮಾಡಿ ಬೆಳೆಯುತ್ತಿದ್ದಾರೆ!

ಕೊನೆಗೆ 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂತು. ಹಿಡುವಳಿ ಜಮೀನಿನ ಗಂಧಕ್ಕೆ ಈಗ ಜಮೀನಿನವನೇ ಒಡೆಯ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಬೇರೆ ಮಾತು. ಆಲೂರಿನ ಮೂಡಲ ಕಡೆಯ, ಮಳೆ ಕಡಿಮೆ ಇರುವ, ನೀರು ನಿಲ್ಲದ ಜಮೀನಿನವರು ಗಂಧದ ಯೋಚನೆ ಮಾಡಬಹುದು. ಅದು ತಾನೊಂದೇ ಬದುಕದು, ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುತ್ತದೆ. ಮೊದಲಿಗೆ ಜೊತೆಯಲ್ಲಿ ತೊಗರಿ ಇರಲಿ, ಆಮೇಲೆ ಹೊಂಗೆಯಂಥ ಮರ. ಸಕಲೇಶಪುರದ ಪಡುವಣ ಬೆಟ್ಟಗಳಲ್ಲಿ ಮಳೆ ಅತಿಯಾಯಿತು. ಅಲ್ಲಿ ಮರ ಸೊಂಪಾಗಿ ಬೆಳೆದರೂ ಒಳಗೆ ಕೆಚ್ಚು ಕಡಿಮೆ, ಎಣ್ಣೆ ಇರುವುದು ಕೆಚ್ಚಿನಲ್ಲಿ. ಆ ಭಾಗದವರಿಗೆ ನನ್ನ ಸಲಹೆ ಸೀಗೆಯೇ.

ಸೀಗೆಯನ್ನು ನಿಮ್ಮ ಬೇಲಿಗೆ ತನ್ನಿ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಹಾಕಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಬಿತ್ತಿರಿ. ಮುಂಗಾರು ಹಿಡಿದ ಮೇಲೆ ಸಸಿಯನ್ನು ತೋಟದ ಅಂಚಿನಲ್ಲಿ ನೆಡಿ. ಕಾಫಿಯ ನಡುವೆ ಮಾತ್ರ ಬೇಡ. ಅದು ಗಿಡವನ್ನು ಮುಚ್ಚಿ ನೆರಳಿನ ಮರವನ್ನೂ ಹೊದ್ದುಕೊಳ್ಳುತ್ತದೆ. ಕೆಲವು ವರ್ಷ ಕಾಯಬೇಕು. ಆಮೇಲೆ ಪ್ರತಿ ಸಲ ಕೊಯ್ಲಾದೊಡನೆ ಉದ್ದದ ಕವಲುಗಳನ್ನು ಕತ್ತರಿಸಿ ಬಳ್ಳಿಯನ್ನು ಬೇಲಿಯ ಎತ್ತರಕ್ಕೇ ಇಟ್ಟರೆ, ಮುಂದಿನ ಕಾಯಿ ಕೈಗೆ ಎಟಕುವಲ್ಲಿಯೇ ಸಿಗುತ್ತದೆ. ದನ ನುಗ್ಗುವುದೂ ತಪ್ಪುತ್ತದೆ. ಆನೆಯನ್ನು ತಡೆಯುತ್ತದೆಂದು ಮಾತ್ರ ನಾನು ಹೇಳಲಾರೆ. ನಮ್ಮ ಆನೆಗಳು ಕಂದಕವನ್ನೇ ದಾಟಿವೆ!

ಮರಕ್ಕೆ ಹಬ್ಬಿದ ಹಳೆಯ ಬಳ್ಳಿಯಿದ್ದರೆ ದೋಟಿಯಿಂದ ಗೊಂಚಲು ಕೊಯ್ಯಿರಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಬೀಜ ಸದ್ದು ಮಾಡಬೇಕು. ನಾಲ್ಕರಲ್ಲಿ ಒಂದು ಪಾಲನ್ನು ಬಳ್ಳಿಯಲ್ಲೇ ಬಿಡಿ. ಕಾಡಿನ ಕಾಯಿಯಾದರೆ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಸೀಗೆ, ಅಂಟುವಾಳವನ್ನು ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರಿದ್ದಾರೆ. ನಾಲ್ಕೈದು ಮನೆಯವರು ಸೇರಿ ಮಾರಿದರೆ ದಲ್ಲಾಳಿಯೊಡನೆ ಮಾತಾಡುವ ಧೈರ್ಯವೇ ಬೇರೆ. ಬೀಜ ತೆಗೆದ ಕಾಯಿಗೆ ಹೆಚ್ಚು ಬೆಲೆಯುಂಟು. ಮನೆಯಲ್ಲಿ ಕುಳಿತು ಮಾಡುವ ಕೆಲಸ, ಮತ್ತು ಆ ಬೀಜ ನಿಮಗೇ ಉಳಿಯುತ್ತದೆ.

ತಾಯಂದಿರಿಗೆ ಒಂದು ಮಾತು. ಸೀಗೆ, ಅಂಟುವಾಳದ ನೊರೆ ನಮ್ಮ ತಲೆಗೆ ಹಿತವಾದರೂ ಮೀನಿಗೆ ಆಗದು. ರಾಶಿ ಕಾಯಿಯನ್ನು ಹಳ್ಳದಲ್ಲಿ ತೊಳೆಯಬೇಡಿ. ಹೇಮಾವತಿಗೆ ಸೇರುವ ನೀರು ಅದು. ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಕಾಯಿಯನ್ನು ಗೋಣಿ ಹಾಸಿದ ಕಣದಲ್ಲಿ ಒಣಗಿಸಿ. ಮಣ್ಣು ಬೆರೆತರೆ ತೂಕದಲ್ಲಿ ಕಡಿತ ಹಿಡಿಯುತ್ತಾರೆ.