ಹಿಮಾಲಯನ್ ಕ್ಲಬ್ಬಿನ ಪೂರ್ವಶಾಖೆ



ಸಂಘಸಂಸ್ಥೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅಧ್ಯಕ್ಷರ ಹೆಸರಿನಿಂದ ಆರಂಭಿಸುವರು. ನಾವೂ ಆ ಪದ್ಧತಿಯನ್ನು ಸ್ವಲ್ಪಮಟ್ಟಿಗೆ ಪಾಲಿಸಿ, ಬೇಗನೆ ಬಿಟ್ಟುಬಿಡುವೆವು. ಏಕೆಂದರೆ ಈ ಹೊತ್ತು ನಾವು ಹೇಳಹೊರಟಿರುವ ಸಂಘದ ಬಹು ಮುಖ್ಯವಾದ ಕೆಲಸ ನಡೆದದ್ದು ಡಾರ್ಜಿಲಿಂಗಿನ ಇಳಿಜಾರಿನಲ್ಲಿರುವ ಒಂದು ಬಡ ಕೇರಿಯಲ್ಲಿ. ಆ ಕೆಲಸವಾದರೂ ಏನು ಎಂದರೆ, ಹೊರೆ ಹೊರುವ ಜನರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟದ್ದು.

ಹಿಮಾಲಯದಲ್ಲಿ ಸಂಚರಿಸುವವರಿಗೆ ಒಂದು ಸಂಘ ಬೇಕೆಂಬ ಯೋಚನೆ ಹಳೆಯದು. 1866ರಲ್ಲಿಯೇ ಡ್ರೂ, ಜಾನ್ಸನ್ ಎಂಬಿಬ್ಬರು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಇದನ್ನು ಸೂಚಿಸಿದ್ದರು. 1884ರಲ್ಲಿ ಪ್ರಸಿದ್ಧ ಪರ್ವತಾರೋಹಿ ಡಗ್ಲಾಸ್ ಫ್ರೆಷ್‌ಫೀಲ್ಡ್ ಅದನ್ನೇ ಮತ್ತೆ ಎತ್ತಿದರು. ಎರಡು ಸಲವೂ ಮಾತು ಮಾತಾಗಿಯೇ ಉಳಿಯಿತು. ಕೊನೆಗೆ 1927ರ ಅಕ್ಟೋಬರ್ ತಿಂಗಳಲ್ಲಿ, ಸಿಮ್ಲಾ ನಗರದ ಜಾಕೋ ಬೆಟ್ಟದ ಹಿಂದಣ ದಾರಿಯಲ್ಲಿ ತಿರುಗಾಡುತ್ತಿದ್ದ ಇಬ್ಬರು ಅಧಿಕಾರಿಗಳ ನಡುವೆ ಈ ವಿಚಾರ ಗಟ್ಟಿಯಾಯಿತು. ಒಬ್ಬರು ಸಿವಿಲ್ ಸರ್ವೀಸಿನ ಜೆಫ್ರಿ ಕಾರ್ಬೆಟ್. ಇನ್ನೊಬ್ಬರು ಸರ್ವೇ ಇಲಾಖೆಯ ಕೆನೆತ್ ಮೇಸನ್. ಇವರು ಅದರ ಹಿಂದಿನ ವರ್ಷವಷ್ಟೇ ಕಾರಾಕೋರಂ ಶ್ರೇಣಿಯ ಆಚೆಗಿನ ಶಕ್ಸಗಾಂ ಕಣಿವೆಯನ್ನು ಅಳೆದು ಬಂದಿದ್ದವರು. 1928ರ ಫೆಬ್ರವರಿ 17ನೆಯ ದಿನ ದೆಹಲಿಯಲ್ಲಿ ದಂಡನಾಯಕ ಬರ್ಡ್‌ವುಡ್ ಅವರ ಕೊಠಡಿಯಲ್ಲಿ ಸಭೆ ಸೇರಿ ಹಿಮಾಲಯನ್ ಕ್ಲಬ್ಬು ಸ್ಥಾಪಿತವಾಯಿತು. ಬರ್ಡ್‌ವುಡ್ ಅವರೇ ಮೊದಲ ಅಧ್ಯಕ್ಷರಾದರು. ಹಿಮಾಲಯದಲ್ಲಿ ಪ್ರವಾಸಕ್ಕೂ ಶೋಧನೆಗೂ ನೆರವಾಗುವುದು, ವಿಜ್ಞಾನ, ಕಲೆ, ಸಾಹಿತ್ಯ, ಕ್ರೀಡೆ ಇವುಗಳ ಮೂಲಕ ಆ ಪರ್ವತಗಳ ತಿಳಿವಳಿಕೆಯನ್ನು ಹೆಚ್ಚಿಸುವುದು, ಇವು ಉದ್ದೇಶಗಳು. 1929ರಿಂದ ಮೇಸನ್ ಅವರ ಸಂಪಾದಕತ್ವದಲ್ಲಿ ಸಂಘದ ಪತ್ರಿಕೆ ಹೊರಡಲಾರಂಭಿಸಿತು. ಅದು ಇಂದಿಗೂ ಬರುತ್ತಿದೆ. ಸದಸ್ಯರಲ್ಲಿ ಬಹುಮಂದಿ ಸೈನ್ಯದವರು, ಸರ್ವೇಯವರು, ಅರಣ್ಯದವರು, ಜಿಲ್ಲೆಯನ್ನಾಳುವವರು. ವರ್ಷಕ್ಕೆ ಒಂದೆರಡು ತಿಂಗಳ ರಜೆಯನ್ನು ಬೆಟ್ಟದಲ್ಲಿ ಕಳೆಯುವ ಆಸೆಯವರು.

ಇತ್ತ ಕಲ್ಕತ್ತೆಯಲ್ಲಿ, ಅದೇ 1927ರ ಸೆಪ್ಟೆಂಬರಿನಲ್ಲಿ, ಮೌಂಟನ್ ಕ್ಲಬ್ ಆಫ್ ಇಂಡಿಯಾ ಎಂಬ ಮತ್ತೊಂದು ಸಂಘ ಹುಟ್ಟಿತ್ತು. ಒಂದೇ ಬೆಟ್ಟಕ್ಕೆ ಎರಡು ಸಂಘಗಳೇಕೆ? ನಮ್ಮ ಊರುಗಳಲ್ಲಾಗಿದ್ದರೆ ಎರಡೂ ಹತ್ತು ವರ್ಷ ಜಗಳವಾಡಿ ಮುಚ್ಚಿಹೋಗುತ್ತಿದ್ದುವು. ಇಲ್ಲಿ ಹಾಗಾಗದೆ 1928ರ ಡಿಸೆಂಬರಿನಲ್ಲಿ ಎರಡೂ ಒಂದಾದುವು. ಕಲ್ಕತ್ತೆಯ ಆ ಬಳಗವೇ ಪೂರ್ವಶಾಖೆಯ ಬೆನ್ನೆಲುಬಾಯಿತು. ಅದರ ಕಾರ್ಯಕ್ಷೇತ್ರ ಡಾರ್ಜಿಲಿಂಗ್.

ಡಾರ್ಜಿಲಿಂಗೇ ಏಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನೇಪಾಳ ರಾಜ್ಯವು ಆಗ ಹೊರಗಿನವರಿಗೆ ಮುಚ್ಚಿದ ಬಾಗಿಲು. ಎವರೆಸ್ಟಿಗೆ ಹೋಗಬೇಕಾದವರು ಡಾರ್ಜಿಲಿಂಗಿನಿಂದ ಹೊರಟು, ಸಿಕ್ಕಿಮಿನ ಕಡೆಯಿಂದ ಟಿಬೆಟ್ಟನ್ನು ಹೊಕ್ಕು, ಉತ್ತರದಿಂದ ಪರ್ವತವನ್ನು ಸಮೀಪಿಸಬೇಕಾಗಿತ್ತು. 28,169 ಅಡಿ ಎತ್ತರದ ಕಾಂಚನಜುಂಗಾ ಡಾರ್ಜಿಲಿಂಗಿನ ಕಣ್ಣೆದುರಿಗೇ ಇದೆ. ಇದಲ್ಲದೆ, ನೇಪಾಳದ ಸೋಲು, ಖುಂಬು ಎಂಬ ಎತ್ತರದ ಸೀಮೆಗಳಿಂದ ಷೆರ್ಪಾ ಜನರು ಹೊಟ್ಟೆಪಾಡಿಗಾಗಿ ಡಾರ್ಜಿಲಿಂಗಿಗೆ ಬಂದು ತೂಂಗ್‌ಸೂಂಗ್ ಎಂಬ ಕೇರಿಯಲ್ಲಿ ನೆಲಸಿದ್ದರು. ರಿಕ್ಷಾ ಎಳೆಯುವುದು, ಹೊರೆ ಹೊರುವುದು ಅವರ ಜೀವನ. ಇವರು ಹಿಮದ ಮೇಲೆ ಎಂಥ ಬಂಟರು ಎಂಬುದನ್ನು ಮೊದಲು ಚೆನ್ನಾಗಿ ಅರಿತವರು ಅಲೆಗ್ಸಾಂಡರ್ ಕೆಲ್ಲಾಸ್ ಎಂಬ ರಸಾಯನಶಾಸ್ತ್ರಜ್ಞರು. ಅವರು ಯೂರೋಪಿಯನ್ ಜೊತೆಗಾರರಿಲ್ಲದೆ, ಬೆಟ್ಟದ ಜನರನ್ನೇ ಕರೆದುಕೊಂಡು ಸಿಕ್ಕಿಮಿನ ಶಿಖರಗಳನ್ನು ಹತ್ತುತ್ತಿದ್ದರು. 1921ರ ಮೊದಲನೆಯ ಎವರೆಸ್ಟ್ ಯಾತ್ರೆಯಲ್ಲಿ, ಕಂಪಾ ಜೋಂಗಿನ ಸಮೀಪದಲ್ಲಿ, ಅವರು ದಾರಿಯಲ್ಲಿಯೇ ತೀರಿಕೊಂಡರು.

ಮರುವರ್ಷ, 1922ರ ಜೂನ್ 7ರಂದು, ಎವರೆಸ್ಟಿನ ಉತ್ತರದ ಕಣಿವೆಯ ಇಳಿಜಾರಿನಲ್ಲಿ ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಇಂಗ್ಲಿಷರಲ್ಲಿ ಒಬ್ಬರಿಗೂ ಅಪಾಯವಾಗಲಿಲ್ಲ. ನಮ್ಮಲ್ಲೊಬ್ಬನಾದರೂ ಅವರ ಪಾಲನ್ನು ಏಕೆ ಹಂಚಿಕೊಳ್ಳಲಿಲ್ಲ ಎಂದು ಅಂದು ಮನಸ್ಸಿನಲ್ಲಿ ಬೆಂದವರು ಡಾಕ್ಟರ್ ಸಾಮರ್‌ವೆಲ್. ಅವರು ಆಮೇಲೆ ಬಹುಕಾಲ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ಬಡವರ ಚಿಕಿತ್ಸೆ ಮಾಡುತ್ತಿದ್ದವರೆಂದರೆ ನಮ್ಮ ಶ್ರೋತೃಗಳಿಗೆ ಅವರು ಸ್ವಲ್ಪ ಹತ್ತಿರದವರೆನಿಸಬಹುದು.

ಷೆರ್ಪಾ ಜನರ ಹೆಸರಿನದೊಂದು ತೊಡಕು ಉಂಟು. ಅವರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರನ್ನಿಡುವುದು ವಾಡಿಕೆ. ಭಾನುವಾರ ಹುಟ್ಟಿದವನು ನೀಮಾ, ಸೋಮವಾರದವನು ದಾವಾ, ಶುಕ್ರವಾರದವನು ಪಾಸಾಂಗ್. ಕೂಲಿಗೆ ಬಂದು ನಿಂತ ಐವತ್ತು ಜನರಲ್ಲಿ ಪಾಸಾಂಗ್ ಎಂದು ಕೂಗಿದರೆ ಏಳೆಂಟು ಮಂದಿ ಓಗೊಡುವರು. ಹೋದ ವರ್ಷ ಸಾವಿನ ಬಾಯಿಂದ ದೊರೆಯನ್ನು ಎಳೆದುತಂದ ಪಾಸಾಂಗ್ ಯಾರು, ಮೊದಲನೆಯ ಮಂಜಿಗೇ ಹೆದರಿ ಇಳಿದುಹೋದ ಪಾಸಾಂಗ್ ಯಾರು? ಹೊಸದಾಗಿ ವಿಲಾಯತಿಯಿಂದ ಬಂದ ಯಾತ್ರೆಯವನಿಗೆ ಇದು ತಿಳಿಯುವ ಬಗೆಯೇ ಇರಲಿಲ್ಲ. ಬೆಂಗಳೂರು ದಂಡಿನ ಹಳೆಯ ಬಟ್ಲರುಗಳು ತಮ್ಮ ದೊರೆಗಳು ಬರೆದುಕೊಟ್ಟ ಚೀಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು, ಹೊಸ ದೊರೆಯ ಮುಂದೆ ಬಿಚ್ಚುತ್ತಿದ್ದುದುಂಟು. ಡಾರ್ಜಿಲಿಂಗಿನಲ್ಲಿಯೂ ಬದುಕು ಇಂಥ ಚೀಟಿಯ ಮೇಲೆಯೇ ನಿಂತಿತ್ತು. ಚೀಟಿ ಹರಿದರೆ, ನೆನೆದರೆ, ಕಳೆದರೆ, ಅವನು ಮಾಡಿದ ಕೆಲಸವೆಲ್ಲ ಇಲ್ಲದಂತೆಯೇ.

ಪೂರ್ವಶಾಖೆಯವರು ಇಲ್ಲಿಗೆ ಕೈಹಾಕಿದರು. ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬನ ಹೆಸರನ್ನೂ ದಾಖಲೆ ಮಾಡಿ, ಒಂದು ಅಂಕಿಯನ್ನು ಕೊಟ್ಟು, ಅವನಿಗೊಂದು ಸಣ್ಣ ಪುಸ್ತಕವನ್ನು ಕೊಟ್ಟರು. ಯಾತ್ರೆ ಮುಗಿದ ಮೇಲೆ ಮುಂದಾಳು ಅದರಲ್ಲಿ ತನ್ನ ಅಭಿಪ್ರಾಯವನ್ನು ಬರೆಯಬೇಕು. ನೋಡುವುದಕ್ಕೆ ಇದು ಗುಮಾಸ್ತೆಯ ಕೆಲಸ. ಇದರ ಬೆಲೆ ಎಷ್ಟೆಂಬುದು ಶಾಖೆಯ ಮೊದಲನೆಯ ವರ್ಷದಲ್ಲಿಯೇ ತಿಳಿಯಿತು.

1929ರ ಮೇ ತಿಂಗಳಲ್ಲಿ ಫಾರ್ಮರ್ ಎಂಬ ಅಮೆರಿಕದ ತರುಣನೊಬ್ಬನು ಡಾರ್ಜಿಲಿಂಗಿನಿಂದ ಹೊರಟನು. ನೇಪಾಳದ ಗಡಿ ದಾಟುವುದಿಲ್ಲವೆಂದು ಮಾತು ಕೊಟ್ಟಿದ್ದನು. ಆದರೆ ಗಡಿ ದಾಟಿ ಕಾಂಚನಜುಂಗಾದ ಯಾಲುಂಗ್ ಹಿಮನದಿಯ ಮೇಲಕ್ಕೆ ಹೋದನು. ಅವನಿಗೆ ತಕ್ಕ ಉಡುಪು, ಸಲಕರಣೆಗಳಿದ್ದುವು, ಆಳುಗಳಿಗೆ ಇರಲಿಲ್ಲ. ಅವರು ತಡೆದರು, ಅವನು ಅವರನ್ನು ನಿಲ್ಲಿಸಿ ತಾನೊಬ್ಬನೇ ಮುಂದುವರಿದನು. ಮರುದಿನ ಬೆಳಿಗ್ಗೆ ಇಳಿಜಾರಿನಲ್ಲಿ ಏರುತ್ತಿದ್ದುದು ಕಾಣಿಸಿತು. ಆಮೇಲೆ ಕಾಣಿಸಲೇ ಇಲ್ಲ. ಅನ್ನ ತೀರುವವರೆಗೆ ಕಾದು ಆಳುಗಳು ಇಳಿದುಬಂದರು. ಒಡೆಯನನ್ನು ಬಿಟ್ಟು ಬರಿಗೈಯಲ್ಲಿ ಬಂದ ಕೂಲಿಗಳ ಮಾತನ್ನು ಆ ಕಾಲದಲ್ಲಿ ಯಾರು ನಂಬಿಯಾರು? ಪೂರ್ವಶಾಖೆಯ ಕರ್ನಲ್ ಟೋಬಿನ್ ಅವರು ವಿಚಾರಣೆ ಮಾಡಿದರು. ಅವರ ಹೇಳಿಕೆಗಳು ಒಂದಕ್ಕೊಂದು ಸರಿಹೋದುವು. ಅವರಲ್ಲಿ ತಪ್ಪಿಲ್ಲವೆಂದು ತೀರ್ಮಾನವಾಯಿತು. ಕೂಲಿಯವನ ಬಾಯಿಮಾತು ಸಾಕ್ಷ್ಯವೆಂದು ಎಣಿಕೆಗೆ ಬಂದದ್ದು ನಮಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಅದೇ ವರ್ಷ ಪೌಲ್ ಬಾವರ್ ಎಂಬ ಜರ್ಮನ್ ಮುಖಂಡನ ತಂಡ ಕಾಂಚನಜುಂಗಾಕ್ಕೆ ಬಂದಿತು. ಟೋಬಿನ್ ಅವರೂ ಅರಣ್ಯಾಧಿಕಾರಿ ಷೆಬಿಯರ್ ಅವರೂ ಆಳು, ಅಕ್ಕಿ, ಹಿಟ್ಟು, ಎಲ್ಲವನ್ನೂ ಹೊಂದಿಸಿಕೊಟ್ಟರು. ಮಹಾಯುದ್ಧ ಮುಗಿದು ಹತ್ತು ವರ್ಷ ಮಾತ್ರ ಆಗಿದ್ದ ಕಾಲದಲ್ಲಿ ಇಂಗ್ಲಿಷ್ ಸೈನ್ಯಾಧಿಕಾರಿಯು ಜರ್ಮನರ ಮೂಟೆಗಳಿಗೆ ಆಳು ಹುಡುಕಿದನೆಂಬುದು ಸಂಘಕ್ಕೆ ಗೌರವ ತರುವ ಮಾತು. 1930ರಲ್ಲಿ ಡೈಹ್ರೆನ್‌ಫರ್ತ್ ಅವರ ತಂಡ ಬಂದಿತು. ಆಗ ಹಿಮದ ಕುಸಿತಕ್ಕೆ ಸಿಕ್ಕಿ ಚೆಟ್ಟಾನ್ ಎಂಬ ಹೆಸರಾಂತ ಷೆರ್ಪಾ ಸತ್ತನು. 1931ರಲ್ಲಿ ಬಾವರ್ ಮತ್ತೆ ಬಂದರು; ಶಾಲರ್ ಎಂಬ ಜರ್ಮನನೂ ಅವನ ಹಗ್ಗದ ಜೊತೆಗಾರನಾದ ಒಬ್ಬ ಪಾಸಾಂಗನೂ ಬಿದ್ದು ಸತ್ತರು. ಶಿಖರ ಒಬ್ಬರಿಗೂ ದೊರೆಯಲಿಲ್ಲ.

1930ರ ದಶಕದಲ್ಲಿ ಡಾರ್ಜಿಲಿಂಗಿನ ಸ್ಥಳೀಯ ಕಾರ್ಯದರ್ಶಿಯಾಗಿ ಶ್ರೀಮತಿ ಟೌನೆಂಡ್ ಎಂಬ ಮಹಿಳೆ ಈ ಕೆಲಸವನ್ನು ವಹಿಸಿಕೊಂಡರು. ಇವರ ಪತಿ ಸಿವಿಲ್ ಸರ್ವೀಸಿನವರು. ಎಲ್ಲಿಂದಲೋ ಬಂದ ತಂತಿಗೆ ಇಷ್ಟು ಜನರನ್ನು ಆರಿಸಿ ಕಳುಹಿಸುವುದು, ಕೂಲಿಯ ಕರಾರು ಮಾಡಿಸುವುದು, ಸತ್ತವನ ಮನೆಯವರಿಗೆ ಪರಿಹಾರ ತಲಪಿಸುವುದು, ಇವು ಶಾಖೆಯ ನಿತ್ಯದ ಕೆಲಸಗಳಾದುವು. ದಾಖಲೆಗೆ ಒಂದು ಕೆಡುಕೂ ಇತ್ತೆಂಬುದನ್ನು ನಾವು ಮರೆಮಾಚಲಾರೆವು. ಹೆಸರಿದ್ದವನಿಗೆ ಕೆಲಸ, ಹೆಸರಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ಹೆಸರು ಬರುವುದಾದರೂ ಹೇಗೆ? 1933ರ ಎವರೆಸ್ಟ್ ಯಾತ್ರೆಗೆ ಸಾಲಿನಲ್ಲಿ ನಿಂತ ಒಬ್ಬ ಹುಡುಗನನ್ನು ಹೀಗೆಯೇ ಹಿಂದಕ್ಕೆ ಕಳುಹಿಸಿದರು. 1935ರಲ್ಲಿ ಅವನು ಮತ್ತೆ ಬಂದು ನಿಂತನು. ಆಗಲೂ ತೋರಿಸುವುದಕ್ಕೆ ಕಾಗದವಿರಲಿಲ್ಲ. ಮುಂದಾಳಾದ ಷಿಪ್ಟನ್ ಅವರು ಮುಖ್ಯವಾಗಿ ಅವನ ನಗುಮುಖವನ್ನು ನೋಡಿ ಕೊನೆಯ ಗಳಿಗೆಯಲ್ಲಿ ಸೇರಿಸಿಕೊಂಡರು. ಅವನೇ ತೇನ್‌ಸಿಂಗ್. 1953ರ ಮೇ 29ರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನಾವು ಅದನ್ನು ಹೇಳುವುದಿಲ್ಲ.

1934ರಲ್ಲಿ ಜರ್ಮನರು ಕಾಶ್ಮೀರದ ಕಡೆಯ ನಂಗಾ ಪರ್ವತಕ್ಕೆ ಹೋದಾಗ ಷೆರ್ಪಾಗಳನ್ನು ಡಾರ್ಜಿಲಿಂಗಿನಿಂದಲೇ, ರೈಲಿನಲ್ಲಿ ಉತ್ತರ ಇಂಡಿಯವನ್ನೆಲ್ಲ ದಾಟಿಸಿ, ಕರೆದೊಯ್ದರು. ಜುಲೈ ತಿಂಗಳಿನಲ್ಲಿ ಶಿಖರದ ಹತ್ತಿರ ಎದ್ದ ಬಿರುಗಾಳಿಯಲ್ಲಿ ಮುಂದಾಳು ಮೆರ್ಕ್ಲ್, ವೆಲ್ಟ್ಸೆನ್‌ಬಾಖ್, ವೀಲಾಂಡ್ ಈ ಮೂವರೂ ಆರು ಮಂದಿ ಷೆರ್ಪಾಗಳೂ ಸತ್ತರು. ಗಯ್‌ಲೇ ಎಂಬವನು ಇಳಿದುಬರಬಹುದಾಗಿದ್ದರೂ, ನಡೆಯಲಾರದ ಮೆರ್ಕ್ಲನ ಬಳಿಯಲ್ಲಿಯೇ ಉಳಿದನು. ಆಂಗ್ ತ್ಸೆರಿಂಗ್ ಎಂಬವನು ಅವರಿಗಾಗಿ ನೆರವು ಬೇಡಲು ಒಬ್ಬನೇ ಕೆಳಕ್ಕೆ ಬಂದು ಮುಟ್ಟಿದನು. ಅವನ ಕಾಲ್ಬೆರಳುಗಳು ಹಿಮಕ್ಕೆ ಕೊಳೆತುಹೋದುವು. ನಾಲ್ಕು ವರ್ಷದ ಮೇಲೆ, 1938ರಲ್ಲಿ, ಮೆರ್ಕ್ಲನ ದೇಹವೂ ಗಯ್‌ಲೇಯ ದೇಹವೂ ಒಂದೇ ಎಡೆಯಲ್ಲಿ ಸಿಕ್ಕಿದುವು. ನಡುವೆ 1937ರಲ್ಲಿ ಅದೇ ಪರ್ವತದ ಮೇಲೆ ಒಂದೇ ರಾತ್ರಿ ಹದಿನಾರು ಮಂದಿ ಹಿಮದಡಿಯಲ್ಲಿ ಹೂತುಹೋದರು. ಏಳು ಜರ್ಮನರು, ಒಂಬತ್ತು ಷೆರ್ಪಾಗಳು. ತೂಂಗ್‌ಸೂಂಗ್ ಕೇರಿಯಂಥ ಚಿಕ್ಕ ಕೇರಿಗೆ ಇದೆಂಥ ಪೆಟ್ಟೆಂಬುದನ್ನು ಊಹಿಸಬಹುದು.

1938ರ ಎವರೆಸ್ಟ್ ಯಾತ್ರೆಯ ಮುಂದಾಳು ಟಿಲ್‌ಮನ್ ಅವರ ಪ್ರೇರಣೆಯಿಂದ, ಎತ್ತರದ ಶಿಬಿರಗಳಿಗೆ ಹೊರೆ ಮುಟ್ಟಿಸಿದ ಧೀರರಿಗೆ ಸಂಘವು "ಟೈಗರ್" ಎಂಬ ಬಿಲ್ಲೆಯನ್ನು ಕೊಡಲು ನಿಶ್ಚಯಿಸಿತು. ಬಿಲ್ಲೆಯವನಿಗೆ ಹಿಮದ ಗೆರೆಯ ಮೇಲೆ ದಿನಕ್ಕೆ ಎಂಟಾಣೆ ಹೆಚ್ಚು ಕೂಲಿ. ಎಂಟಾಣೆ ಎಂದು ನಗಬೇಕೋ ಅಳಬೇಕೋ ನಮಗೆ ತಿಳಿಯದು. ಆದರೆ ಬಿಲ್ಲೆ ಪಡೆದವರು ಅದನ್ನು ಹೆಮ್ಮೆಯಿಂದಲೇ ಧರಿಸಿದರು.

ನಂಗಾ ಪರ್ವತದ ಬಿರುಗಾಳಿಯಿಂದ ಬದುಕಿ ಬಂದವರಲ್ಲಿ ಪಾಸಾಂಗ್ ಕಿಕುಲಿ ಒಬ್ಬನು. 1939ರಲ್ಲಿ ಅವನು ಅಮೆರಿಕನರ ತಂಡಕ್ಕೆ ಷೆರ್ಪಾಗಳ ಸರ್ದಾರನಾಗಿ ಕಾರಾಕೋರಮಿನ ಕೇ-ಟೂ ಪರ್ವತಕ್ಕೆ ಹೋದನು. ಅಲ್ಲಿ ಡಡ್ಲಿ ವುಲ್ಫ್ ಎಂಬ ಶ್ರೀಮಂತ ಗೃಹಸ್ಥನು ಏಳನೆಯ ಶಿಬಿರದಲ್ಲಿ ಒಬ್ಬಂಟಿಯಾಗಿ ಉಳಿದುಬಿಟ್ಟನು. ಉಳಿದವರೆಲ್ಲ ಸೋತು ಕೆಳಗಿಳಿದಿದ್ದರು. ಕಿಕುಲಿಯು ಇನ್ನೊಬ್ಬನೊಡನೆ ಬುಡದ ಶಿಬಿರದಿಂದ ಆರನೆಯ ಶಿಬಿರದವರೆಗೆ, ಸುಮಾರು ಏಳು ಸಾವಿರ ಅಡಿಗಳನ್ನು, ಒಂದೇ ದಿನದಲ್ಲಿ ಹತ್ತಿದನು. ಮರುದಿನ ಪಾಸಾಂಗ್ ಕಿತಾರ್, ಫಿನ್ಸೂ ಎಂಬಿಬ್ಬರನ್ನು ಕೂಡಿಕೊಂಡು ಮೇಲಿನ ಗುಡಾರವನ್ನು ಮುಟ್ಟಿದನು. ವುಲ್ಫನು ಏಳಲಾರದಷ್ಟು ಬಲಗುಂದಿದ್ದನು. ನಾಳೆ ಬನ್ನಿ ಎಂದನು. ಅಲ್ಲಿ ತಂಗಲು ಹಾಸಿಗೆ ಹೊದಿಕೆ ಇರಲಿಲ್ಲವಾಗಿ ಮೂವರೂ ಇಳಿದರು. ಮಾರನೆಯ ದಿನ ಬಿರುಗಾಳಿ.

ಜುಲೈ 31ರ ಬೆಳಿಗ್ಗೆ ಆ ಮೂವರು ಮತ್ತೆ ಹೊರಟರು. ಆರನೆಯ ಶಿಬಿರದಲ್ಲಿ ಉಳಿದ ತ್ಸೆರಿಂಗ್ ಎಂಬವನಿಗೆ ಹೋಗುವಾಗ ತಮ್ಮ ನಿಶ್ಚಯವನ್ನು ತಿಳಿಸಿದ್ದರು: ದೊರೆ ಇಂದೂ ಬರಲಾರೆನೆಂದರೆ, ತಮ್ಮ ಮೇಲೆ ಹೊಣೆಯಿಲ್ಲವೆಂದು ಅವರಿಂದ ಒಂದು ಚೀಟಿ ಬರೆಸಿಕೊಂಡು ಬರುವುದು. ತ್ಸೆರಿಂಗ್ ಎರಡು ದಿನ ಕಾದು, ಆಗಸ್ಟ್ 2ರಂದು ಒಬ್ಬನೇ ಕೆಳಕ್ಕೆ ಇಳಿದುಬಂದನು.